ರಾಜನ ನೆಲದಲ್ಲಿ ಜಾಗ ಸಿಗದವರು ನೀರಿನ ಮೇಲೆ ಸಭೆ ಮಾಡಿದ್ದು

ಸ್ವಲ್ಪ ಉದ್ದದ ಪೋಸ್ಟ್ ಇದು. ಪುರುಸೊತ್ತಾದಾಗ ಓದಿ, ಆದರೆ ಓದಿ.

ಪ್ರತಿ ವರ್ಷ ನವೆಂಬರ್ 26 ಬಂತು ಅಂದ್ರೆ ಸಂವಿಧಾನ ರಚನಾ ಸಭೆಯ ಕಪ್ಪುಬಿಳುಪು ಫೋಟೋಗಳು ನಮ್ಮ ಎಲ್ಲ ಗ್ರೂಪುಗಳಲ್ಲೂ ಓಡಾಡ್ತವೆ. ಆ ಸಭೆಯಲ್ಲಿ 15 ಜನ ಮಹಿಳೆಯರಿದ್ದರು. ಅವರಲ್ಲಿ ದಲಿತ ಮಹಿಳೆ ಒಬ್ಬರೇ ಒಬ್ಬರು. ದಾಕ್ಷಾಯಿಣಿ ವೇಲಾಯುಧನ್. ಹೆಸರು ಬಹಳ ಜನಕ್ಕೆ ಗೊತ್ತು. ಅವರ ಊರು ಯಾವುದು ಅಂತ ಹೋದ ಸಲ ಒಂದು ಕಾರ್ಯಕ್ರಮದಲ್ಲಿ ಕೇಳಿದೆ. ಮದ್ರಾಸು ಅಂದರು ಒಬ್ಬರು. ಕೇರಳ ಅಂದರು ಇನ್ನೊಬ್ಬರು. ಅಲ್ಲಿಗೆ ಮುಗೀತು.

ಊರು ಮುಳವುಕಾಡ್. ಕೊಚ್ಚಿ ನಗರದ ಎದುರಿಗೇ, ಪೆರಿಯಾರ್ ನದಿ ಕವಲೊಡೆದು ಹಿನ್ನೀರಿಗೆ ಸೇರುವ ಕಡೆ ಇರುವ ಉದ್ದನೆಯ ದ್ವೀಪ. ಎರ್ಣಾಕುಲಂ ಜೆಟ್ಟಿಯಲ್ಲಿ ನಿಂತರೆ ಅದರ ತೆಂಗಿನ ತಲೆಗಳು ಕಾಣ್ತವೆ. ಅಷ್ಟು ಹತ್ತಿರ. ನಮ್ಮ ಮಂಗಳೂರು ಕಡೆ ನೇತ್ರಾವತಿಯ ನಡುವೆ ಕುದ್ರುಗಳಿದಾವಲ್ಲ, ಅಂಥದೇ ಒಂದು ಜಾಗ ಅಂದುಕೊಳ್ಳಿ, ಆದರೆ ಅದಕ್ಕಿಂತ ದೊಡ್ಡದು. ಈ ಊರಿನ ಕತೆ ಹೇಳದೆ ದಾಕ್ಷಾಯಿಣಿಯಮ್ಮನ ಕತೆ ಹೇಳೋಕಾಗಲ್ಲ. ಅವರನ್ನ ಆ ಸಭೆಗೆ ಕಳಿಸಿದ್ದು ಬರೀ ಕಾಂಗ್ರೆಸ್ ಪಕ್ಷ ಅಲ್ಲ, ಈ ದ್ವೀಪದ ಕೆಸರು ಮತ್ತು ಈ ದ್ವೀಪದ ದೋಣಿಗಳು.

ಮೊದಲು ಕೆಸರಿನ ವಿಷಯ.

ಪೆರಿಯಾರ್ ತರುವ ಹೂಳು ಒಂದು ಕಡೆ, ಸಮುದ್ರದ ಉಬ್ಬರ ಇನ್ನೊಂದು ಕಡೆ. ವರ್ಷದಲ್ಲಿ ಅರ್ಧ ಭಾಗ ಅಲ್ಲಿ ನೀರು ಉಪ್ಪು. ಅಂಥ ಜಾಗದಲ್ಲಿ ಬೆಳೆಯೋ ಭತ್ತವೇ ಪೊಕ್ಕಾಳಿ. ಮಳೆಗಾಲ ಶುರುವಾಗೋಕೆ ಮುಂಚೆ ಏರಿ ಗಟ್ಟಿ ಮಾಡ್ತಾರೆ, ತೂಬು ಸರಿ ಮಾಡ್ತಾರೆ (ಅವರೂ ತೂಂಬು ಅಂತಲೇ ಅಂತಾರೆ, ನಮ್ಮದೇ ಪದ), ಗದ್ದೆ ಒಣಗಿಸಿ ಮಣ್ಣನ್ನ ಸಣ್ಣ ಸಣ್ಣ ದಿಬ್ಬ ಮಾಡ್ತಾರೆ. ಜೂನ್ ಮಳೆ ಆ ದಿಬ್ಬಗಳ ಉಪ್ಪನ್ನ ತೊಳೆದ ಮೇಲೆ ದಿಬ್ಬದ ತಲೆ ಮೇಲೆ ಮೊಳಕೆ ಬಂದ ಬೀಜ ಚೆಲ್ಲೋದು. ಸುಮಾರು ಒಂದು ತಿಂಗಳಾದ ಮೇಲೆ ದಿಬ್ಬ ಒಡೆದು ಸಸಿಗಳನ್ನ ಗದ್ದೆ ತುಂಬ ಹರಡೋದು. ಗೊಬ್ಬರ ಇಲ್ಲ, ಔಷಧಿ ಇಲ್ಲ. ಪೈರು ಆಳೆತ್ತರ ಬೆಳೆದು ನೀರಿನ ಮೇಲೆ ಬಾಗುತ್ತೆ. ಅಕ್ಟೋಬರ್ ಹೊತ್ತಿಗೆ ಕೊಯ್ಲು. ಸೊಂಟದ ಮಟ್ಟದ ನೀರಲ್ಲಿ ನಿಂತು ತೆನೆ ಮಾತ್ರ ಕೊಯ್ಯೋದು. ಹುಲ್ಲು ಅಲ್ಲೇ ಕೊಳೀಬೇಕು, ಯಾಕಂದ್ರೆ ನವೆಂಬರಿನಿಂದ ತೂಬು ತೆಗೆದು ಉಪ್ಪುನೀರು ಬಿಟ್ಟಾಗ ಅದರ ಜೊತೆ ಬರೋ ಸಿಗಡಿ ಮರಿಗಳಿಗೆ ಅದೇ ಮೇವು. ಏಪ್ರಿಲ್‌ವರೆಗೆ ಅದೇ ಗದ್ದೆಯಲ್ಲಿ ಸಿಗಡಿ. ಆಮೇಲೆ ಮತ್ತೆ ಭತ್ತ. ಸಿಗಡಿಯ ಹಿಕ್ಕೆ ಭತ್ತಕ್ಕೆ, ಭತ್ತದ ಕೂಳೆ ಸಿಗಡಿಗೆ. ಇದನ್ನ ಯಾವ ಕೃಷಿ ವಿಶ್ವವಿದ್ಯಾಲಯವೂ ಕಂಡುಹಿಡಿದಿದ್ದಲ್ಲ.

ಈ ಕೆಸರಲ್ಲಿ ನಿಂತವರು ಯಾರು? ಪುಲಯರು. ಅದರಲ್ಲೂ ಪುಲಯ ಹೆಂಗಸರು.

ಪುಲಯ ಅನ್ನೋ ಪದವನ್ನ ಒಂದು ಸಲ ಬಾಯಲ್ಲಿ ತಿರುಗಿಸಿ ನೋಡಿ. ಹಳಗನ್ನಡದ ಪಕಾರ ಮುಂದೆ ಹಕಾರ ಆಯ್ತು ಅಂತ ಶಾಲೆಯಲ್ಲೇ ಓದಿದೀವಿ. ಪಾಲು ಹಾಲಾಯ್ತು, ಪೂ ಹೂವಾಯ್ತು. ಪುಲಯ? ಹೌದು, ನಮ್ಮ ಹೊಲೆಯನೇ. ಒಂದೇ ಬೇರು. ಪುಲಂ ಅಂದ್ರೆ ಹೊಲ. ಅಲ್ಲ, ಪುಲ ಅಂದ್ರೆ ಸೂತಕ, ಮೈಲಿಗೆ, ಅದರಿಂದ ಬಂದದ್ದು ಅಂತ ವಾದ ಮಾಡೋರೂ ಇದಾರೆ. ಹೊಲದವನು ಅನ್ನೋದಾ, ಹೊಲಸು ಅನ್ನೋದಾ, ಇದೇ ಜಗಳ ಕನ್ನಡದಲ್ಲೂ ಇದೆ, ಮಲಯಾಳದಲ್ಲೂ ಇದೆ. ನನಗೆ ಯಾವುದು ಸರಿ ಅಂತ ಬೇರೆ ಹೇಳಬೇಕಾಗಿಲ್ಲ.

ಹೊಲದ ಜೊತೆ ಪುಲಯರನ್ನೂ ಮಾರುತ್ತಿದ್ದ ಕಾಲ ಅದು. ಉತ್ಪ್ರೇಕ್ಷೆ ಅಲ್ಲ. ಜಮೀನು ಕೈ ಬದಲಾಯಿಸಿದರೆ ಜೀತದವರೂ ಕೈ ಬದಲಾಯಿಸುತ್ತಿದ್ದರು. ಕೊಚ್ಚಿ ಸಂಸ್ಥಾನ ಗುಲಾಮಗಿರಿ ರದ್ದು ಮಾಡಿದ್ದು 1854ರಲ್ಲಿ. ಕಾಗದದ ಮೇಲೆ ರದ್ದಾಯ್ತು. ಆದರೆ ಸಾರ್ವಜನಿಕ ರಸ್ತೆಯಲ್ಲಿ ನಡೆಯೋ ಹಾಗಿಲ್ಲ, ಪೇಟೆಗೆ ಬರೋ ಹಾಗಿಲ್ಲ, ಹೆಂಗಸರು ಮೈಮೇಲೆ ಬಟ್ಟೆ ಹಾಕೋ ಹಾಗಿಲ್ಲ, ಯಾವ ಜಾತಿಯವರಿಂದ ಎಷ್ಟು ಅಡಿ ದೂರ ನಿಲ್ಲಬೇಕು ಅನ್ನೋ ಲೆಕ್ಕ ಬೇರೆ. ಸಭೆ ಸೇರೋದಂತೂ ದೂರದ ಮಾತು.

ಇದೇ ದ್ವೀಪದ ದಕ್ಷಿಣ ತುದಿಗೆ ಬೋಳ್ಗಾಟ್ಟಿ ಅಂತ ಹೆಸರು. ಅಲ್ಲೊಂದು ಅರಮನೆ ಇದೆ. 1744ರಲ್ಲಿ ಡಚ್ಚರು ಕಟ್ಟಿದ್ದು, ಆಮೇಲೆ ಬ್ರಿಟಿಷ್ ರೆಸಿಡೆಂಟನ ಮನೆ ಆಯ್ತು, ಈಗ ಪ್ರವಾಸೋದ್ಯಮ ಅಭಿವೃದ್ಧಿ ನಿಗಮದ ಹೋಟೆಲು. ಕೊಚ್ಚಿಯ ಪ್ರವಾಸಿ ಪುಸ್ತಕ ಯಾವುದನ್ನೇ ತೆಗೀರಿ, ಬೋಳ್ಗಾಟ್ಟಿ ಅರಮನೆ ಇರುತ್ತೆ. ಅದೇ ನೆಲದ ಇನ್ನೊಂದು ತುದಿಯ ಗುಡಿಸಲುಗಳ ಬಗ್ಗೆ ಎಷ್ಟು ಸಾಲು ಇರುತ್ತೆ ನೀವೇ ನೋಡಿ.

ಈಗ ದೋಣಿಗಳ ವಿಷಯಕ್ಕೆ ಬರ್ತೀನಿ.

ಕೇರಳದ ಅಯ್ಯಂಕಾಳಿಯವರು ನಮಗೆ ಗೊತ್ತು. ಎತ್ತಿನ ಗಾಡಿ ಏರಿ ರಾಜರಸ್ತೆಯಲ್ಲಿ ಹೋದ ಮಹಾನುಭಾವರು. ಆದರೆ ಅವರದು ತಿರುವಾಂಕೂರು. ಆಗ ಕೇರಳ ಅಂತ ಒಂದು ರಾಜ್ಯ ಇರಲಿಲ್ಲ. ಕೊಚ್ಚಿ ಬೇರೆ ರಾಜ, ಬೇರೆ ಕಾನೂನು. ಅಲ್ಲಿ ಕೆಲಸ ಮಾಡಿದವರ ಹೆಸರು ಕನ್ನಡದಲ್ಲಿ ಕೇಳಿಸೋದೇ ಇಲ್ಲ. ಒಬ್ಬರು ಪಂಡಿತ್ ಕರುಪ್ಪನ್, ಹತ್ತಿರದ ಚೇರಾನಲ್ಲೂರಿನವರು, 1885ರಲ್ಲಿ ಹುಟ್ಟಿದವರು, ಮೀನುಗಾರ ಸಮುದಾಯದವರು. ಸಂಸ್ಕೃತ ಕಲಿತು ಕವಿಯಾದರು. ‘ಜಾತಿಕ್ಕುಮ್ಮಿ’ ಅಂತ ಒಂದು ಕೃತಿ ಬರೆದರು. ಶಂಕರಾಚಾರ್ಯರಿಗೆ ದಾರಿಯಲ್ಲಿ ಎದುರಾದ ಅಸ್ಪೃಶ್ಯ ದಂಪತಿ ಕೇಳೋ ಪ್ರಶ್ನೆಗಳೇ ಅದರ ವಸ್ತು. ಕುಮ್ಮಿ ಅಂದ್ರೆ ಕೈತಟ್ಟಿ ಸುತ್ತು ಹಾಕಿ ಹಾಡೋ ಹೆಂಗಸರ ಹಾಡಿನ ಧಾಟಿ. ಅಕ್ಷರ ಬಾರದವರ ಬಾಯಿಗೂ ಹತ್ತಲಿ ಅಂತಲೇ ಆ ಧಾಟಿ ಹಿಡಿದದ್ದು ಅಂತ ನನ್ನ ಅನಿಸಿಕೆ.

ಇನ್ನೊಬ್ಬರು ಕೃಷ್ಣಾದಿ ಆಶಾನ್. ಮುಳವುಕಾಡಿನವರೇ, ಪುಲಯರು. ದಾಕ್ಷಾಯಿಣಿಯಮ್ಮನ ಕುಟುಂಬದ ಹಿರಿಯರು. ಆಶಾನ್ ಅಂದ್ರೆ ಗುರು, ಮೇಷ್ಟ್ರು. ಮೂರನೆಯವರು ಕೆ. ಪಿ. ವಳ್ಳೋನ್, ಅವರೂ ಅದೇ ದ್ವೀಪದವರು, ಮುಂದೆ ಕೊಚ್ಚಿ ಶಾಸನ ಸಭೆಯ ಸದಸ್ಯರಾದವರು. ಇವತ್ತು ಕೊಚ್ಚಿಯ ಕಡವಂತ್ರದಲ್ಲಿ ವಳ್ಳೋನ್ ಹೆಸರಿನ ರಸ್ತೆ ಇದೆ. ಆ ರಸ್ತೇಲಿ ದಿನಾ ಓಡಾಡೋ ಆಟೋದವರನ್ನ ಕೇಳಿದೆ, ಯಾರು ಈ ವಳ್ಳೋನ್ ಅಂತ. ಯಾರೋ ಹಳೇ ಕಾಲದೋರು ಅಂದ್ರು.

ಪುಲಯರದು ಒಂದು ಸಂಘ ಆಗಬೇಕು ಅನ್ನೋ ಮಾತು ಹುಟ್ಟಿತು. ಸಂಘ ಅಂದ್ರೆ ಸಭೆ ಸೇರಬೇಕು. ಸಭೆ ಅಂದ್ರೆ ಜಾಗ ಬೇಕು. ಜಾಗ ಎಲ್ಲಿದೆ? ನೆಲ ಎಲ್ಲ ರಾಜನದು, ಇಲ್ಲಾ ದೇವಸ್ಥಾನದ್ದು, ಇಲ್ಲಾ ಜಮೀನ್ದಾರರದು. ಯಾರದೇ ನೆಲದಲ್ಲಿ ಪುಲಯರು ಗುಂಪುಗೂಡಿದರೆ ಅಪ್ಪಣೆ ಮೀರಿದ ಹಾಗೆ.

ನೀರು ಯಾರದು?

1913ರಲ್ಲಿ ನಡೆದದ್ದು ಇದು. ಸುತ್ತಲ ದ್ವೀಪಗಳಿಂದ, ಕರೆಗಳಿಂದ ಪುಲಯರು ಸಣ್ಣ ಸಣ್ಣ ದೋಣಿಗಳಲ್ಲಿ ಹುಟ್ಟು ಹಾಕಿಕೊಂಡು ಎರ್ಣಾಕುಲಂ ಎದುರಿನ ಹಿನ್ನೀರಿಗೆ ಬಂದರು. ದೋಣಿಗೆ ದೋಣಿ ಜೋಡಿಸಿ ಕಟ್ಟಿದರು. ನೀರಿನ ಮೇಲೇ ಒಂದು ಸಭಾಂಗಣ ಆಯ್ತು. ಒಂದು ಕಡೆ ಎರ್ಣಾಕುಲಂ ದಡ, ಅಲ್ಲಿ ಕಾಲಿಡೋ ಹಾಗಿಲ್ಲ. ಇನ್ನೊಂದು ಕಡೆ ಬೋಳ್ಗಾಟ್ಟಿ, ಅಲ್ಲಿ ರೆಸಿಡೆಂಟನ ಬಂಗಲೆ. ನಡುವೆ ಇವರು. ಆ ತೇಲುವ ಸಭೆಯನ್ನ ಮಲಯಾಳದಲ್ಲಿ ‘ಕಾಯಲ್ ಸಮ್ಮೇಳನಂ’ ಅಂತಾರೆ. ಕಾಯಲ್ ಅಂದ್ರೆ ಹಿನ್ನೀರು. ಕೊಚ್ಚಿ ಪುಲಯ ಮಹಾಜನ ಸಭಾ ಹುಟ್ಟಿದ್ದು ಆ ವರ್ಷವೇ.

ಈ ಚಿತ್ರವನ್ನ ಕಣ್ಣಮುಂದೆ ತಂದುಕೊಳ್ಳಿ. ವೇದಿಕೆ ಇಲ್ಲ, ಮೈಕ್ ಇಲ್ಲ, ಕಾಲ ಕೆಳಗೆ ನೆಲವೂ ಇಲ್ಲ. ಯಾರಾದರೂ ಎದ್ದು ನಿಂತು ಮಾತಾಡಿದರೆ ಪಕ್ಕದ ದೋಣಿಯೂ ಅಲ್ಲಾಡುತ್ತೆ. ರಾಜನ ಅಪ್ಪಣೆಯನ್ನ ಒಂದಕ್ಷರವೂ ಮೀರಿಲ್ಲ ನೋಡಿ! ನಿನ್ನ ನೆಲದಲ್ಲಿ ಸಭೆ ಬೇಡ ಅಂದೆ, ನಾವು ನೆಲದಲ್ಲಿಲ್ಲ. ಇದು ಭಯದಿಂದ ಮಾಡಿದ ಹೊಂದಾಣಿಕೆ ಅಂತ ಯಾರಾದ್ರೂ ಅಂದರೆ ನಾನು ಒಪ್ಪಲ್ಲ. ಇದು ಬುದ್ಧಿಯಿಂದ ಹೊಡೆದ ಪೆಟ್ಟು. ಇನ್ನೊಂದು ಮಾತು. ದೋಣಿಯ ಮೇಲೆ ಬದುಕು ಕಟ್ಟಿಕೊಂಡ ಮೀನುಗಾರ ಸಮುದಾಯದ ಕರುಪ್ಪನ್ ಇಲ್ಲಿ ಪುಲಯರ ಜೊತೆ ನಿಂತರು. ಅವರಿಗೂ ಜಾತಿಯ ಏಣಿಯಲ್ಲಿ ತಮಗಿಂತ ಕೆಳಗೆ ಅಂತ ತೋರಿಸೋಕೆ ಒಂದು ಮೆಟ್ಟಿಲಿತ್ತು. ಅವರು ಆ ಮೆಟ್ಟಿಲಿನ ಮೇಲೆ ನಿಲ್ಲಲಿಲ್ಲ. ನಮ್ಮಲ್ಲಿ ಎಡಗೈ ಬಲಗೈ ಅಂತ ಇವತ್ತಿಗೂ ಬಡಿದಾಡೋ ಅಣ್ಣಂದಿರು ಈ ಸಾಲನ್ನ ಎರಡು ಸಲ ಓದಿ.

1913 ಅಂದ್ರೆ ಯಾವ ಕಾಲ ಅಂತ ಅಂದಾಜಿಗೆ ಹೇಳ್ತೀನಿ. ಬಾಬಾಸಾಹೇಬರು 22 ವರ್ಷದ ಹುಡುಗ, ಕೊಲಂಬಿಯಾಕ್ಕೆ ಓದೋಕೆ ಹೋದ ವರ್ಷ ಅದು. ಮಹಾಡ್ ಕೆರೆಗೆ ಇನ್ನೂ 14 ವರ್ಷ.

ಕೊಚ್ಚಿಯಲ್ಲಿ ಇನ್ನೊಂದು ಘಟನೆ ಹೇಳ್ತಾರೆ. ಎರ್ಣಾಕುಲಂನಲ್ಲಿ ಒಂದು ಕೃಷಿ ಪ್ರದರ್ಶನ ನಡೆಯಿತು. ಅಲ್ಲಿಟ್ಟ ಬೆಳೆ, ತರಕಾರಿ ಬೆಳೆದ ಕೈಗಳು ಪುಲಯರದು. ಆದರೆ ಪುಲಯರಿಗೆ ಒಳಗೆ ಪ್ರವೇಶವಿಲ್ಲ. ಕರುಪ್ಪನ್ ವೇದಿಕೆಯಲ್ಲಿ ಮಾತಾಡೋವಾಗ ಇದನ್ನ ಎತ್ತಿದರು. ಇದನ್ನೆಲ್ಲ ಬೆಳೆದವರು ಎಲ್ಲಿ, ಅವರು ಹೊರಗೆ ದೋಣಿಯಲ್ಲಿ ಕೂತಿದಾರಲ್ಲ ಅಂತ. ಮೇಲಿನವರು ಮುಜುಗರಪಟ್ಟು ಅಪ್ಪಣೆ ಕೊಟ್ಟರು. ದೋಣಿಯಲ್ಲಿ ಕಾದಿದ್ದ ಜನ ಪೇಟೆಗೆ ಇಳಿದು ಬಂದರು. ಹತ್ತು ನಿಮಿಷದ ದಾರಿ ದಾಟೋಕೆ ಎಷ್ಟು ತಲೆಮಾರು ಹಿಡೀತು ಲೆಕ್ಕ ಹಾಕಿ.

ಕೃಷ್ಣಾದಿ ಆಶಾನ್ ಮುಂದೆ ಕ್ರೈಸ್ತ ಧರ್ಮ ಸೇರಿದರು. ಅದು ಅವರ ದಾರಿ. ‘ಮತಾಂತರ’ ಅಂತ ಬೊಬ್ಬೆ ಹೊಡೆಯೋರು ಅವರನ್ನ ನೀರಿಗೆ ತಳ್ಳಿದವರ ಬಗ್ಗೆಯೂ ಎರಡು ಮಾತಾಡಲಿ.

ಈಗ ಮಗುವಿನ ಕತೆ. ದೋಣಿ ಸಭೆ ನಡೆಯೋ ಹಿಂದಿನ ವರ್ಷ, 1912ರ ಜುಲೈ 4ರಂದು, ಮುಳವುಕಾಡಿನ ಆ ಕುಟುಂಬದಲ್ಲಿ ಹೆಣ್ಣುಮಗು ಹುಟ್ಟಿತು. ದಾಕ್ಷಾಯಿಣಿ ಅಂತ ಹೆಸರಿಟ್ಟರು. ಇದು ಸಣ್ಣ ವಿಷಯ ಅಲ್ಲ. ಪುಲಯ ಹೆಣ್ಣುಮಕ್ಕಳಿಗೆ ಅಳಗಿ, ಚಕ್ಕಿ, ಕಾಳಿ ಅಂತ ಹೆಸರಿರಬೇಕಿತ್ತು. ನಮ್ಮಲ್ಲಿ ಕರಿಯ, ಕೆಂಚ, ತಿಪ್ಪ ಅಂತ ಇಡಿಸಿದ ಹಾಗೆ. ಪಾರ್ವತಿಯ ಹೆಸರು ಇಟ್ಟದ್ದೇ ಒಂದು ಬಂಡಾಯ. ಆ ಮನೆಯವರು ಮಗಳಿಗೆ ಮೈಮುಚ್ಚೋ ಬಟ್ಟೆ ಹಾಕಿದರು, ಶಾಲೆಗೆ ಕಳಿಸಿದರು.

ಹುಡುಗಿ ಓದುತ್ತಾ ಹೋದಳು. ಎರ್ಣಾಕುಲಂನ ಮಹಾರಾಜಾಸ್ ಕಾಲೇಜಲ್ಲಿ ಕೆಮಿಸ್ಟ್ರಿ ತಗೊಂಡರು. ಲ್ಯಾಬ್‌ನಲ್ಲಿ ಮೇಲ್ಜಾತಿಯ ಅಧ್ಯಾಪಕರು ಪ್ರಯೋಗ ತೋರಿಸುತ್ತಿರಲಿಲ್ಲ, ದೂರ ನಿಂತು ನೋಡಿಯೇ ಕಲಿಯಬೇಕಾಯ್ತು. 1935ರಲ್ಲಿ ಪದವಿ ಬಂತು. ದೇಶದ ಮೊದಲ ದಲಿತ ಮಹಿಳಾ ಪದವೀಧರೆ ಅಂತ ಅವರನ್ನ ಹೇಳ್ತಾರೆ. ಆಮೇಲೆ ಟೀಚರ್ ಟ್ರೈನಿಂಗ್ ಮಾಡಿ ತ್ರಿಶೂರು ಕಡೆ ಹೈಸ್ಕೂಲ್ ಟೀಚರಾದರು. ಒಂದು ದಿನ ಗದ್ದೆಯ ಬದುವಿನ ಮೇಲೆ ನಡೆದು ಹೋಗ್ತಿದ್ದಾಗ ಎದುರಿಗೆ ಒಬ್ಬ ನಾಯರ್ ಹೆಂಗಸು ಬಂದಳು. ನೀನು ಗದ್ದೆಗೆ ಇಳಿ, ನಾನು ಹೋಗಬೇಕು ಅಂದಳು. ದಾಕ್ಷಾಯಿಣಿ ಟೀಚರ್ ಇಳಿಯಲಿಲ್ಲ. ಹೋಗಬೇಕಿದ್ದರೆ ನೀವೇ ಇಳಿದು ಹೋಗಿ ಅಂದರು. ಆಕೆಯೇ ಕೆಸರಿಗೆ ಇಳಿದು ಹೋಗಬೇಕಾಯ್ತು. ತಲೆತಲಾಂತರದಿಂದ ಕೆಸರಲ್ಲೇ ನಿಂತವರ ಮೊಮ್ಮಗಳು ಬದುವಿನ ಮೇಲೆ ನಿಂತ ಆ ಗಳಿಗೆ ನನಗೆ ಸಂವಿಧಾನ ಸಭೆಯ ಭಾಷಣಗಳಿಗಿಂತ ದೊಡ್ಡದಾಗಿ ಕಾಣುತ್ತೆ.

1940ರಲ್ಲಿ ಆರ್. ವೇಲಾಯುಧನ್ ಅವರ ಜೊತೆ ಮದುವೆ. ಎಲ್ಲಿ? ವಾರ್ಧಾದ ಸೇವಾಗ್ರಾಮದಲ್ಲಿ. ಗಾಂಧಿ, ಕಸ್ತೂರಬಾ ಎದುರಿಗೆ, ಕುಷ್ಠರೋಗಿಯೊಬ್ಬರ ಪೌರೋಹಿತ್ಯದಲ್ಲಿ. 1945ರಲ್ಲಿ ಕೊಚ್ಚಿ ಶಾಸನ ಸಭೆ, 1946ರಲ್ಲಿ ಸಂವಿಧಾನ ರಚನಾ ಸಭೆ. ಆಯ್ಕೆ ಆದದ್ದು ಮದ್ರಾಸ್ ಪ್ರಾಂತ್ಯದಿಂದ. ಆಗ ನಮ್ಮ ಮಂಗಳೂರು, ಉಡುಪಿ, ಬಳ್ಳಾರಿ, ಕೊಳ್ಳೇಗಾಲ ಎಲ್ಲ ಮದ್ರಾಸ್ ಪ್ರಾಂತ್ಯದಲ್ಲೇ ಇದ್ದವು. ಅಂದ್ರೆ ಒಂದು ಲೆಕ್ಕಕ್ಕೆ ಅವರು ನಮ್ಮ ಪ್ರತಿನಿಧಿಯೂ ಹೌದು. ಹೀಗೆ ಹೇಳೋಕೆ ನನಗೆ ಖುಷಿ.

ಈಗ ಕಷ್ಟದ ಮಾತು. ನಮ್ಮವರಲ್ಲೇ ಕೆಲವರು ಅವರನ್ನ ಪೋಸ್ಟರಿನಲ್ಲಿ ಹಾಕ್ತಾರೆ, ಮಾತಾಡೋಕೆ ಮಾತ್ರ ಹಿಂಜರೀತಾರೆ. ಕಾರಣ ಗೊತ್ತು. ಅವರು ಕಾಂಗ್ರೆಸ್ಸಿನವರು, ಗಾಂಧಿಯ ಕಡೆಯವರು. ಪ್ರತ್ಯೇಕ ಮತಕ್ಷೇತ್ರ ಬೇಡ ಅಂದರು. ಪರಿಶಿಷ್ಟ ಜಾತಿಯ ಅಭ್ಯರ್ಥಿ ಗೆಲ್ಲಬೇಕಾದ್ರೆ ತನ್ನ ಸಮುದಾಯದ ಇಷ್ಟು ಪಾಲು ಮತ ಪಡೆದಿರಲೇಬೇಕು ಅಂತ 1947ರಲ್ಲಿ ನಾಗಪ್ಪನವರು ತಂದ ತಿದ್ದುಪಡಿಯನ್ನೂ ವಿರೋಧಿಸಿದರು. ಪೂನಾ ಒಪ್ಪಂದದ ಗಾಯ ಹೊತ್ತುಕೊಂಡ ನಮ್ಮಂಥವರಿಗೆ ಇದನ್ನ ಓದೋದು ಕಷ್ಟ. ನಾನು ಆ ವಿಷಯದಲ್ಲಿ ಅವರ ಜೊತೆ ಇಲ್ಲ. ನಮ್ಮವರ ಮತದಿಂದಲ್ಲದೆ ಬೇರೆಯವರ ಮತದಿಂದ ಗೆದ್ದು ಹೋದವರು ವಿಧಾನಸೌಧದಲ್ಲಿ ಯಾರ ಪರ ಬಾಯಿ ಮುಚ್ಚಿಕೊಂಡು ಕೂತಿದಾರೆ ಅಂತ 75 ವರ್ಷದಿಂದ ನೋಡ್ತಾ ಇದೀವಿ. ನಾಗಪ್ಪನವರ ಭಯ ನಿಜವಾಯ್ತು.

ಆದರೆ ಆಕೆ ಗಾಂಧಿಯ ಬಾಲ ಅಂತ ಹೇಳೋದು ಸುಳ್ಳು. 1948ರ ನವೆಂಬರಿನಲ್ಲಿ ಕರಡು ಸಂವಿಧಾನ ಚರ್ಚೆಗೆ ಬಂದಾಗ ಎದ್ದು ನಿಂತು ಅದನ್ನ ಕಟುವಾಗಿ ಟೀಕಿಸಿದರು. ಅಧಿಕಾರ ಎಲ್ಲ ದಿಲ್ಲಿಯಲ್ಲಿ ಗುಡ್ಡೆ ಹಾಕ್ತಿದೀರಿ ಅಂತ ಆಕ್ಷೇಪ ಮಾಡಿದರು. ಗವರ್ನರ್ ಹುದ್ದೆ ಬಗ್ಗೆ ತಕರಾರು ತೆಗೆದರು. ಇವತ್ತು ನಮ್ಮ ರಾಜ್ಯಗಳು ಇದೇ ಎರಡು ವಿಷಯಕ್ಕೆ ಕೋರ್ಟು ಹತ್ತುತ್ತಿವೆ ಅನ್ನೋದು ನೆನಪಿರಲಿ. ಅಸ್ಪೃಶ್ಯತೆ ರದ್ದು ಮಾಡುವ ವಿಧಿ, ಈಗಿನ 17ನೇ ವಿಧಿ, ಅದೇ ತಿಂಗಳು 29ರಂದು ಬಂದಾಗ ಬೆಂಬಲಿಸಿ ಮಾತಾಡಿದರು. ಬರೀ ಶಿಕ್ಷೆಯಿಂದ ಆಗಲ್ಲ, ಜನರಿಗೆ ತಿಳಿಹೇಳೋ ಕೆಲಸ ಸರ್ಕಾರ ಮಾಡಬೇಕು ಅನ್ನೋದು ಅವರ ವಾದ. ನನಗನಿಸೋದು ಇಷ್ಟು. ದೋಣಿ ದೋಣಿ ಕಟ್ಟಿ ಸಭೆ ಮಾಡಿದ ಊರಿನವರು ಅವರು. ದಡದಿಂದ ದೂರ ತೇಲೋದು ಏನು ಅಂತ ಅವರ ಮನೆಯವರಿಗೆ ಗೊತ್ತಿತ್ತು. ಹೋಗಿ ದಡದಲ್ಲೇ ಕೂರಬೇಕು ಅನ್ನೋದು ಅವರ ಹಟ. ಆ ಹಟ ರಾಜಕೀಯವಾಗಿ ತಪ್ಪಿರಬಹುದು, ಆದರೆ ಅದು ಶರಣಾಗತಿ ಅಲ್ಲ.

ಆಮೇಲೆ ಪಕ್ಷ ಅವರನ್ನ ಮರೀತು. 1971ರಲ್ಲಿ ಅಡೂರಿನಿಂದ ಲೋಕಸಭೆಗೆ ನಿಂತು ಸೋತರು. ಕೊನೆಗಾಲದಲ್ಲಿ ದಿಲ್ಲಿಯಲ್ಲಿ ದಲಿತ ಹೆಣ್ಣುಮಕ್ಕಳ ಸಮಾವೇಶ ಮಾಡಿದರು, ಸಂಘ ಕಟ್ಟಿದರು. 1978ರ ಜುಲೈನಲ್ಲಿ ತೀರಿಕೊಂಡರು. ತಮ್ಮ ಬದುಕಿನ ಬಗ್ಗೆ ಬರೆಯೋಕೆ ಕೂತಾಗ ಅದಕ್ಕೆ ಅವರು ಕೊಟ್ಟ ಹೆಸರಿನ ಅರ್ಥ ‘ಕಡಲಿಗೆ ಜಾತಿಯಿಲ್ಲ’ ಅಂತ. ಸಭೆಯ ವರ್ಷ ಆಕೆ ತೊಟ್ಟಿಲ ಕೂಸು. ದೋಣಿಗಳ ನೆನಪು ಮನೆಯವರ ಮಾತಿನಿಂದಲೇ ಬಂದಿರಬೇಕು.

ದ್ವೀಪ ಏನಾಯ್ತು? ಭೂಸುಧಾರಣೆ ಬಂತು. ಕೇರಳದ ಭೂಸುಧಾರಣೆ ಬಗ್ಗೆ ನಮ್ಮ ಎಡಪಂಥೀಯ ಗೆಳೆಯರು ಬಹಳ ಹೆಮ್ಮೆಯಿಂದ ಮಾತಾಡ್ತಾರೆ. ಗೇಣಿದಾರನಿಗೆ ಗದ್ದೆ ಸಿಕ್ಕಿತು, ನಿಜ. ಕೆಸರಲ್ಲಿ ನಿಂತವರು ಗೇಣಿದಾರರಲ್ಲ, ಕೂಲಿಯವರು. ಗುಡಿಸಲು ಹಾಕಿಕೊಂಡವರಿಗೆ ಪಂಚಾಯ್ತಿ ಪ್ರದೇಶದಲ್ಲಿ 10 ಸೆಂಟ್ಸ್. ಅಷ್ಟೇ. ಗದ್ದೆ ಬೇರೆಯವರದೇ ಉಳೀತು. ಸಿಗಡಿಗೆ ರೇಟು ಏರಿದ ಮೇಲೆ ಭತ್ತ ಯಾಕೆ ಬೇಕು ಅಂತ ವರ್ಷಪೂರ್ತಿ ಉಪ್ಪುನೀರು ನಿಲ್ಲಿಸೋರು ಹೆಚ್ಚಾದರು. ಭತ್ತ ಹೋದರೆ ಕೂಲಿಯೂ ಹೋಯ್ತು. ಒಂದು ವಿಚಿತ್ರ ನೋಡಿ. ಉಪ್ಪು ತಡೆಯೋ ಗುಣ ಇರೋ ಪೊಕ್ಕಾಳಿಯ ವಂಶವಾಹಿಯನ್ನ ಫಿಲಿಪ್ಪೀನ್ಸ್‌ನ ಅಂತಾರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯವರು ಹೊಸ ತಳಿಗಳಿಗೆ ಬಳಸಿದಾರೆ. ಪ್ರಪಂಚದ ಲ್ಯಾಬುಗಳಲ್ಲಿ ಪೊಕ್ಕಾಳಿ ಇದೆ. ಅದನ್ನ ಬೀಜದಿಂದ ಬೀಜಕ್ಕೆ ಉಳಿಸಿಕೊಂಡು ಬಂದ ಹೆಂಗಸರ ಹೆಸರು ಎಲ್ಲೂ ಇಲ್ಲ.

2004ರಲ್ಲಿ ಸೇತುವೆ ಬಂತು. ಎರ್ಣಾಕುಲಂನಿಂದ ಬೋಳ್ಗಾಟ್ಟಿ, ಅಲ್ಲಿಂದ ವಲ್ಲಾರ್ಪಾಡಂ, ಅಲ್ಲಿಂದ ವೈಪಿನ್. ರಾತ್ರಿ ಹೆರಿಗೆ ನೋವು ಬಂದರೆ ದೋಣಿಗೆ ಕಾಯೋದು ತಪ್ಪಿತು, ಅದನ್ನ ಅಲ್ಲಗಳೆಯಲ್ಲ. ಹಿಂದೆಯೇ ವಲ್ಲಾರ್ಪಾಡಂನಲ್ಲಿ ಕಂಟೈನರ್ ಬಂದರು ಬಂತು. ಅದಕ್ಕೆ ರಸ್ತೆ, ರೈಲು ಬೇಕು. 2008ರ ಫೆಬ್ರವರಿಯಲ್ಲಿ ಪಕ್ಕದ ಮೂಲಂಪಿಳ್ಳಿ ದ್ವೀಪದಲ್ಲಿ ಪೊಲೀಸರನ್ನಿಟ್ಟುಕೊಂಡು ಮನೆ ಕೆಡವಿದರು. ಮುಳವುಕಾಡ್, ಮೂಲಂಪಿಳ್ಳಿ ಮೊದಲಾದ ಊರುಗಳಿಂದ ಒಟ್ಟು 316 ಕುಟುಂಬ ಎದ್ದು ಹೋಗಬೇಕಾಯ್ತು. ಪ್ಯಾಕೇಜು ಘೋಷಣೆ ಆಯ್ತು. ಕೊಟ್ಟ ಜಾಗ ಎಷ್ಟೋ ಕಡೆ ಜೌಗು, ಕಟ್ಟಿದ ಮನೆ ವಾಲಿದವು, ಬಿರುಕು ಬಿಟ್ಟವು. ವರ್ಷ ವರ್ಷ ಫೆಬ್ರವರಿಯಲ್ಲಿ ಆ ಜನ ಧರಣಿ ಕೂತು ನೆನಪಿಸ್ತಾ ಬಂದರು.

ನಾನು ಹೋದಾಗ ಬೇಕು ಅಂತಲೇ ಸೇತುವೆ ಬಿಟ್ಟು ಜೆಟ್ಟಿಯಿಂದ ಸರ್ಕಾರಿ ದೋಣಿ ಹತ್ತಿದೆ. ಎದುರಿಗೆ ಸಂತೆಚೀಲ ಹಿಡಿದ ಒಬ್ಬ ಅಜ್ಜಿ. ನನ್ನ ಹರಕು ಮಲಯಾಳದಲ್ಲಿ ಕಾಯಲ್ ಸಮ್ಮೇಳನಂ ಎಲ್ಲಿ ಆಗಿದ್ದು ಅಂತ ಕೇಳಿದೆ. ಅಜ್ಜಿ ಸ್ವಲ್ಪ ಹೊತ್ತು ನನ್ನ ಮುಖ ನೋಡಿ, ಕೈಯನ್ನ ನೀರಿನ ಕಡೆ ಹೀಗೆ ಬೀಸಿ ತೋರಿಸಿದರು. ಅಲ್ಲಿ, ಇಲ್ಲಿ, ಎಲ್ಲ ಕಡೆ ಅನ್ನೋ ಹಾಗೆ. ಫೋಟೋ ತೆಗೆಯೋಕೆ ಅಲ್ಲಿ ಬರೀ ನೀರಿತ್ತು. ತೆಗೆದೆ. ಆ ಫೋಟೋನೇ ಈ ಪೋಸ್ಟಿಗೆ ಹಾಕಿದೀನಿ.

ಒಂದು ಕೆಲಸ ಮಾಡಿ. ನಿಮ್ಮ ಊರಲ್ಲಿ ದೇವಸ್ಥಾನದ ಜಗಲಿ, ಅರಳೀಕಟ್ಟೆ, ಚಾವಡಿ ಯಾವುದಕ್ಕೂ ಬಿಡದೇ ಇದ್ದ ಕಾಲದಲ್ಲಿ ನಮ್ಮ ಹಿರೀಕರು ಎಲ್ಲಿ ಕೂಡಿ ಮಾತಾಡ್ತಿದ್ರು? ಕೆರೆ ಅಂಗಳದಲ್ಲಾ, ಸುಡುಗಾಡಲ್ಲಾ, ಹೊಳೆ ಮರಳಲ್ಲಾ? ಮನೇಲಿ ಅಜ್ಜ ಅಜ್ಜಿ ಇನ್ನೂ ಇದ್ದರೆ ಈ ಭಾನುವಾರ ಕೇಳಿ, ಊರಿನ ಹೆಸರಿನ ಸಮೇತ ಕಾಮೆಂಟಲ್ಲಿ ಬರೀರಿ. ನಾನು ಒಂದು ಕಡೆ ಸೇರಿಸಿ ಇಡ್ತೀನಿ.

ಜೈಭೀಮ್.